ಲೂನ್ ಕೆರೆಗೆ ನಲವತ್ತು ನಿಮಿಷ

ಎಲ್ಕ್ ಸ್ಯಾಡಲ್ ರಾಷ್ಟ್ರೀಯ ಉದ್ಯಾನಕ್ಕೆ ಬೇಸಿಗೆಯಲ್ಲಿ ಎಷ್ಟು ಜನ ಬರುತ್ತಾರೆ ಎಂದು ಯಾರಾದರೂ ಕೇಳಿದರೆ ಆರ್ಡಿತ್ ಕೋಲ್‌ಸ್ಟಾಡ್, "ಜನ ಎಷ್ಟು ಅಂತ ಮೇಲಿನವರನ್ನ ಕೇಳಿ. ಪೆದ್ದರು ಎಷ್ಟು ಅಂತ ಬೇಕಾದ್ರೆ ನಾನು ಹೇಳ್ತೀನಿ" ಎನ್ನುತ್ತಿದ್ದಳು. ಹಾಗೆ ಹೇಳುವ ಅಧಿಕಾರ ತನಗಿದೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಉದ್ಯಾನದ ಮಾಹಿತಿ ಕೇಂದ್ರದ ಬಾಗಿಲು ದೂಡಿದರೆ ಎದುರಿಗೇ ಪೈನ್ ಮರದ ಉದ್ದನೆಯ ಕೌಂಟರು. ಅದರ ಹಿಂದೆ ಇಪ್ಪತ್ತೇಳು ಬೇಸಿಗೆ ನಿಂತವಳು ಅವಳು. ಬೂದು ಅಂಗಿ, ತಟ್ಟೆಯಂಥ ಅಂಚಿನ ಟೋಪಿ, ಮೂಗಿನ ತುದಿಗೆ ಜಾರಿದ ಕನ್ನಡಕ, ಆ ಕನ್ನಡಕದ ಮೇಲಿಂದ ಬರುವ ಒಂದು ನೋಟ. ಆ ನೋಟ ತಾಗಿದವರು ತಮ್ಮ ಪ್ರಶ್ನೆಯನ್ನು ಅರ್ಧಕ್ಕೇ ನುಂಗಿಕೊಳ್ಳುತ್ತಿದ್ದರು.

ಬರುವವರೂ ಹಾಗೇ ಇದ್ದರು ಬಿಡಿ. ಆರು ಗಂಟೆ ಕಾರು ಓಡಿಸಿಕೊಂಡು ಬಂದು, ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಂಡ ಮಕ್ಕಳನ್ನು ಇಳಿಸಿ, ಮೊದಲು ಕೇಳುವುದು ಕಕ್ಕಸು ಎಲ್ಲಿ ಅಂತ, ಆಮೇಲೆ ಕರಡಿ ಎಲ್ಲಿ ಅಂತ. "ಕರಡಿಗಳು ಎಷ್ಟೊತ್ತಿಗೆ ಬರ್ತವೆ ಮೇಡಂ? ನಾವು ಮೂರಕ್ಕೆ ಹೊರಡ್ಬೇಕು" ಎಂದು ಒಬ್ಬ ಗಡಿಯಾರ ತೋರಿಸಿದ್ದ. ಹುಲ್ಲೆಲ್ಲ ಒದ್ದೆಯಾಗಿದೆ, ಒರೆಸುವವರು ಯಾರೂ ಇಲ್ಲವೇ ಎಂದು ಒಬ್ಬಳು ಜಗಳಕ್ಕೇ ನಿಂತಿದ್ದಳು. ಇನ್ನೊಬ್ಬ ಪುಣ್ಯಾತ್ಮ ಕಾರಿನಿಂದ ಇಳಿಯದೆ ಪರ್ವತ ನೋಡಲು ಯಾವ ಕಡೆಯ ಸೀಟು ವಾಸಿ ಎಂದು ಕೇಳಿದ್ದ. ಆರ್ಡಿತ್ ಅವನಿಗೆ, "ಡಿಕ್ಕಿ ಒಳ್ಳೇದು ಸಾರ್, ಗಾಳಿ ಬರಲ್ಲ" ಎಂದು ಮುಖ ಒಂದಿಷ್ಟೂ ಸಡಿಲಿಸದೆ ಹೇಳಿ ಕಳಿಸಿದ್ದಳು.

ಅವಳ ಕೈಚಳಕ ಇದ್ದದ್ದು ನಕ್ಷೆಯಲ್ಲಿ. ಕೌಂಟರಿನ ಆಚೆ ನಿಂತವರಿಗೆ ನೆಟ್ಟಗೆ ಕಾಣುವಂತೆ ನಕ್ಷೆ ಹಾಸುತ್ತಿದ್ದಳು. ಈಚೆ ನಿಂತ ಅವಳಿಗೆ ಅದು ತಲೆಕೆಳಗು. ಆದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಹಳದಿ ಪೆನ್ನಿನಿಂದ ಗೆರೆ ಎಳೆದುಬಿಡುತ್ತಿದ್ದಳು. "ಇಲ್ಲಿದೀರಿ. ಹೀಗೆ ಹೋಗಿ. ಇಲ್ಲಿ ಹೀಗೆ ತಿರುಗಿ. ಬಂತು." ಎಡ, ಬಲ ಎಂಬ ಮಾತೇ ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ತನ್ನ ಎಡಗೈ ಕಡೆ ನೋಡಿ "ಎಡಕ್ಕೆ ಹೋಗಿ" ಎಂದು ನೆಬ್ರಾಸ್ಕಾದ ಪಾದ್ರಿಯೊಬ್ಬರ ಸಂಸಾರವನ್ನು ಜಲ್ಲಿ ಕ್ವಾರಿಗೆ ಅಟ್ಟಿದ್ದಳು. ಅಂದಿನಿಂದ ಬಾಯಿಗೆ ಬೀಗ, ಕೈಗಷ್ಟೇ ಕೆಲಸ. ಜನ ಅತ್ತಿತ್ತ ನೋಡಿಕೊಂಡು, "ಅಬ್ಬ, ಉಲ್ಟಾ ಬರೀತಾರಲ್ಲ!" ಎಂದು ಬೆರಗಾಗುತ್ತಿದ್ದರು. ಆರ್ಡಿತ್ ಆ ಮಾತು ಕೇಳಿಸಿಯೇ ಇಲ್ಲವೇನೋ ಎಂಬಂತೆ ಪೆನ್ನಿನ ಮುಚ್ಚಳ ಹಾಕುತ್ತಿದ್ದಳು.

ದಿನಕ್ಕೆ ನಲವತ್ತು ಐವತ್ತು ಸಲ ಅವಳು ಎಳೆಯುತ್ತಿದ್ದ ಗೆರೆ ಲೂನ್ ಕೆರೆಯದು. ಒಂದು ದಿನದ ಮಟ್ಟಿಗೆ ಸಂಸಾರ ಸಮೇತ ಬಂದವರಿಗೆಲ್ಲ ಅದೇ ಔಷಧಿ. "ಲೂನ್ ಕೆರೆಗೆ ಹೋಗಿ. ನಲವತ್ತು ನಿಮಿಷ. ಮಕ್ಕಳೂ ಓಡ್ಕೊಂಡು ಹೋಗ್ತವೆ. ನೀರು ಕನ್ನಡಿ ಥರ ಇರತ್ತೆ." ಸಂಜೆ ಕೆಲವರು ಮೈಯೆಲ್ಲ ಬೆವರಾಗಿ, ಮಗುವನ್ನು ಹೆಗಲ ಮೇಲೆ ಹೊತ್ತುಕೊಂಡು ವಾಪಸು ಬಂದು, "ಎರಡು ಗಂಟೆ ಆಯ್ತಲ್ಲ ಮೇಡಂ" ಎಂದರೆ ಕನ್ನಡಕದ ಮೇಲಿಂದ ಅವರ ಹೊಟ್ಟೆಯನ್ನೊಮ್ಮೆ, ಚಪ್ಪಲಿಯನ್ನೊಮ್ಮೆ ನೋಡುತ್ತಿದ್ದಳು. ಅಷ್ಟು ಸಾಕಾಗುತ್ತಿತ್ತು.

ಈಗಲೇ ಒಂದು ಮಾತು ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟುಕೊಂಡು ಕೂರುವಂಥ ಗುಟ್ಟೇನೂ ಅಲ್ಲ. ಆರ್ಡಿತ್ ಲೂನ್ ಕೆರೆಯನ್ನು ನೋಡಿಯೇ ಇರಲಿಲ್ಲ.

ಹೌದು, ಒಮ್ಮೆಯೂ ಇಲ್ಲ. ಮೊದಲ ಬೇಸಿಗೆಯಲ್ಲಿ ಗಂಡ ಬಿಟ್ಟುಹೋಗಿದ್ದ, ಮಗಳು ಮಾರ್ನಿಗೆ ಆರು ವರ್ಷ, ರಜೆಯ ದಿನ ಬಟ್ಟೆ ಒಗೆಯುವುದಕ್ಕೇ ಸರಿಹೋಗುತ್ತಿತ್ತು. ಎರಡನೆಯ ಬೇಸಿಗೆಯಲ್ಲಿ ಮಂಡಿನೋವು. ಮೂರನೆಯ ಬೇಸಿಗೆಯ ಹೊತ್ತಿಗೆ ಅವಳು ಕೆರೆಯ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದಳೆಂದರೆ, ಇನ್ನು ಹೋಗಿ ನೋಡಿ ಬರುತ್ತೇನೆ ಎಂದರೆ ಮರ್ಯಾದೆ ಉಳಿಯುತ್ತಿರಲಿಲ್ಲ. ನಲವತ್ತು ನಿಮಿಷ ಎಂಬುದನ್ನು ಹೇಳಿಕೊಟ್ಟವಳು ಅವಳಿಗಿಂತ ಮುಂಚೆ ಅಲ್ಲಿದ್ದ ಹಿಲ್ಮಾ ಎಂಬ ಮುದುಕಿ. ಹಿಲ್ಮಾಳ ಗಂಡ ಹೇಸರಗತ್ತೆಯ ಮೇಲೆ ಸಾಮಾನು ಹೇರಿಕೊಂಡು ಕಾಡಿನ ಕ್ಯಾಂಪುಗಳಿಗೆ ಹೋಗುತ್ತಿದ್ದವನು. ಆ ನಲವತ್ತು ನಿಮಿಷ ಯಾರ ಕಾಲಿನದು ಎಂದು ಆರ್ಡಿತ್ ಕೇಳಲಿಲ್ಲ, ಹಿಲ್ಮಾ ಹೇಳಲೂ ಇಲ್ಲ.

ಬಾಗಿಲ ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಬಂದವರು ತಮಗನಿಸಿದ್ದನ್ನು ಚೀಟಿಯಲ್ಲಿ ಬರೆದು ಅದರೊಳಗೆ ಹಾಕಬೇಕು. ಸೋಮವಾರ ಮಧ್ಯಾಹ್ನ ಊಟದ ಕೋಣೆಯಲ್ಲಿ ಆರ್ಡಿತ್ ಆ ಪೆಟ್ಟಿಗೆಯ ಬೀಗ ತೆಗೆದು ಚೀಟಿಗಳನ್ನು ಓದುವುದು ವಾಡಿಕೆ. ಓದುವುದೆಂದರೆ ಸುಮ್ಮನೆ ಓದುವುದಲ್ಲ, ಒಬ್ಬೊಬ್ಬರಿಗೆ ಒಂದೊಂದು ದನಿ. "ಪರ್ವತ ಪೂರ್ತಿ ದಿನ ಮೋಡದ ಹಿಂದೆ ಇತ್ತು. ಮೊದಲೇ ತಿಳಿಸಬೇಕಾಗಿತ್ತು." "ನೊಣಗಳು ತುಂಬಾ ಹತ್ತಿರ ಬರುತ್ತವೆ." ಅವಳ ಜೊತೆ ಕೌಂಟರಿನಲ್ಲಿ ನಿಲ್ಲುವ ಕೋಲ್ಬಿ ಎಂಬ ಇಪ್ಪತ್ತಾರರ ತರುಣ, ಟಿಕೆಟ್ ಕೊಡುವ ಇಬ್ಬರು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದರಲ್ಲಿ ವಾರಕ್ಕೆ ಮೂರಾದರೂ ಚೀಟಿ ಒಂದೇ ವಿಷಯದ್ದು: ಲೂನ್ ಕೆರೆ ದಾರಿಯ ಕವಲಿನಲ್ಲಿ ಕೈಮರ ಇಲ್ಲ, ದಾರಿ ತಪ್ಪಿತು. ಇದ್ದ ಕೈಮರವನ್ನು ಮೂರು ವರ್ಷದ ಹಿಂದೆ ಹಿಮ ಬೀಳಿಸಿತ್ತು. ಮತ್ತೆ ನಿಲ್ಲಿಸಿ ಎಂದು ಮೇಲಿನವರಿಗೆ ಬರೆಯಬೇಕಾದವಳು ಆರ್ಡಿತ್ತೇ. ಬರೆಯದೆ, ಚೀಟಿ ಮಡಚಿ ಮೇಜಿನ ಮೇಲೆ ಎಸೆದು ಹೇಳುತ್ತಿದ್ದಳು, "ಕೈಯಲ್ಲಿ ಮ್ಯಾಪು, ಮುಖದಲ್ಲಿ ಕಣ್ಣು, ಇನ್ನೇನು ಬೇಕಂತೆ ಮಹಾರಾಜರಿಗೆ?" ವರ್ಷ ಕಳೆದ ಹಾಗೆ ಆ ಮಾತನ್ನು ಅವಳೊಬ್ಬಳೇ ಹೇಳುವುದೂ ತಪ್ಪಿ, ನಾಲ್ಕೂ ಜನ ಒಟ್ಟಿಗೆ ಹೇಳುವ ಭಜನೆಯಾಗಿತ್ತು.

ಇಂಥವಳಿಗೂ ಒಂದು ಆಸೆ ಇತ್ತು ನೋಡಿ. ಮೊಮ್ಮಗಳು ಟೆಸ್ ಬೇಕಾಗಿದ್ದಳು. ಮಿಸೂಲಾದಲ್ಲಿ ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುವ ಮಾರ್ನಿಗೆ ಆ ಬೇಸಿಗೆ ಎರಡು ಪಾಳಿ ಬಿದ್ದಿತ್ತು. ಎಂಟು ವರ್ಷದ ಟೆಸ್‌ಳನ್ನು ಜುಲೈಯಿಂದ ಆರು ವಾರ ಯಾರಾದರೊಬ್ಬ ಅಜ್ಜಿಯ ಬಳಿ ಬಿಡಬೇಕು. ಮಾರ್ನಿಯ ಅತ್ತೆ ಗ್ಲೆನ್ನಾ ಸ್ಪೋಕೇನಿನಲ್ಲಿ ಕೋಣೆ ಸಿಂಗರಿಸಿ ಕಾಯುತ್ತಿದ್ದಳು. ಆರ್ಡಿತ್ ಯಾರ ಬಳಿಯೂ ಏನೂ ಬೇಡಿದವಳಲ್ಲ. ಆದರೆ ಈಗ ವಾರದಲ್ಲಿ ಮೂರನೆಯ ಸಲ ಮಗಳಿಗೆ ಫೋನು ಮಾಡಿದ್ದಳು.

"ಆರೇ ಆರು ವಾರ ಕಣೇ. ನನ್ನ ಹತ್ರ ಬಿಡು. ಆ ಸ್ಪೋಕೇನಿನವಳ ಹತ್ರ ಏನಿದೆ ಮಹಾ?"

"ಈಜುಕೊಳ ಇದೆ ಅಮ್ಮ."

"ನನ್ನ ಹತ್ರ ಇಡೀ ಕಾಡೇ ಇದೆ!"

"ಕಾಡಿದೆ. ಆದ್ರೆ ಅದ್ರೊಳಗೆ ನೀನಿರಲ್ವಲ್ಲ. ನೀನಿರೋದು ಕೌಂಟರ್ ಹಿಂದೆ. ಅವಳನ್ನೂ ಸ್ಟೂಲ್ ಮೇಲೆ ಕೂರಿಸ್ತೀಯ, ನನ್ನ ಕೂರಿಸಿದ ಹಾಗೆ."

ಮಾರ್ನಿ ಒಂಬತ್ತು ಬೇಸಿಗೆ ಆ ಸ್ಟೂಲಿನ ಮೇಲೆ ಕೂತು, ಬಂದವರ ಪುಸ್ತಕಗಳಿಗೆ ಉದ್ಯಾನದ ಮುದ್ರೆ ಒತ್ತುತ್ತಾ ಬೆಳೆದವಳು. ಎದುರಿಗೆ ಊರೂರಿನ ಮಕ್ಕಳು ಅಪ್ಪ ಅಮ್ಮನ ಕೈ ಹಿಡಿದು ಕೆರೆಗೆ ಹೋಗುತ್ತಿದ್ದರು. ಇವಳಿಗೆ ಮಧ್ಯಾಹ್ನ ಒಂದು ಪೀನಟ್ ಬಟರ್ ಸ್ಯಾಂಡ್‌ವಿಚ್ಚು, ಬೆರಳಿಗೆಲ್ಲ ನೀಲಿ ಶಾಯಿ.

"ನಲವತ್ತು ನಿಮಿಷ, ನಲವತ್ತು ನಿಮಿಷ ಅಂತ ಸಾವಿರ ಸಲ ಕೇಳಿದೀನಿ ಅಮ್ಮ. ಆ ನಲವತ್ತು ನಿಮಿಷ ನೀನು ನನಗೆ ಒಂದ್ಸಲಾನೂ ಕೊಡ್ಲಿಲ್ಲ" ಎಂದಳು ಮಾರ್ನಿ. ಆಮೇಲೆ ದನಿ ತಗ್ಗಿಸಿ, "ಸರಿ, ಹೀಗ್ಮಾಡೋಣ. ಈ ಭಾನುವಾರ ಬರ್ತೀವಿ. ನೀನು, ನಾನು, ಟೆಸ್. ಲೂನ್ ಕೆರೆಗೆ. ಆಮೇಲೆ ಟೆಸ್ಸೇ ಹೇಳ್ಲಿ ಯಾವ ಅಜ್ಜಿ ಹತ್ರ ಇರ್ತೀನಿ ಅಂತ" ಎಂದಳು.

ಶನಿವಾರ ಮಧ್ಯಾಹ್ನ ಕೌಂಟರಿಗೆ ಓಹಾಯೋದಿಂದ ರಸ್ ಟ್ಯಾಕೆಟ್ ಎಂಬುವನು ಬಂದ. ಹೆಂಡತಿ, ಮೂರು ಮಕ್ಕಳು, ಮೊಣಕಾಲವರೆಗಿನ ಹೂವಿನ ಚಡ್ಡಿ, ಕಾಲಿಗೆ ಹವಾಯಿ ಚಪ್ಪಲಿ. ಹಿಂದೆ ಗಡಗಡ ಸದ್ದು ಮಾಡಿಕೊಂಡು ಚಕ್ರದ ಐಸ್ ಪೆಟ್ಟಿಗೆ. ಅದನ್ನು ಕೇಂದ್ರದ ಒಳಗೂ ಎಳೆದುಕೊಂಡೇ ಬಂದಿದ್ದ.

"ನಾಳೆ ಎಲ್ಲಿಗೆ ಹೋಗ್ಬಹುದು ಮೇಡಂ? ಒಂದೇ ದಿನ ಇರೋದು ನಮಗೆ."

"ಲೂನ್ ಕೆರೆ. ನಲವತ್ತು ನಿಮಿಷ" ಎಂದು ಆರ್ಡಿತ್ ಹಳದಿ ಗೆರೆ ಎಳೆದಳು. "ಈ ಪೆಟ್ಟಿಗೇನೂ ಕೆರೆ ನೋಡತ್ತಾ?"

"ಮಕ್ಕಳಿಗೆ ತಣ್ಣಗೆ ಕುಡಿಯಕ್ಕೆ ಬೇಕಲ್ಲ ಮೇಡಂ" ಎಂದು ಅವನು ಹಲ್ಲು ಬಿಟ್ಟ. ಪಾಪ, ಚುಚ್ಚಿದ್ದು ತಗುಲಲೇ ಇಲ್ಲ. ಅವರು ಬಾಗಿಲು ದಾಟಿದ ಮೇಲೆ ಆರ್ಡಿತ್ ಕೋಲ್ಬಿಗೆ, "ಬರ್ದಿಟ್ಕೋ. ನಾಳೆ ಸಂಜೆ ಇವನನ್ನ ಹೆಲಿಕಾಪ್ಟರ್‌ನಲ್ಲಿ ಎತ್ಕೊಂಡು ಬರ್ಬೇಕಾಗತ್ತೆ, ಪೆಟ್ಟಿಗೆ ಸಮೇತ" ಎಂದಳು.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಕಾರಿಳಿದ ಟೆಸ್‌ಗೆ ಮುಂದಿನ ಎರಡು ಹಲ್ಲು ಬಿದ್ದಿತ್ತು. ಬಂದವಳೇ ಅಜ್ಜಿಯನ್ನು ಮೇಲಿನಿಂದ ಕೆಳಗೆ ನೋಡಿದಳು. ಸಮವಸ್ತ್ರವಿಲ್ಲದ ಅಜ್ಜಿಯನ್ನು ಅವಳು ನೋಡಿದ್ದು ಕಡಿಮೆ. "ಟೋಪಿ ಎಲ್ಲಜ್ಜಿ?" ಎಂದಳು. ಮಾರ್ನಿ ಚೀಲಕ್ಕೆ ನೀರು, ಸ್ಯಾಂಡ್‌ವಿಚ್ಚು ತುಂಬುತ್ತಾ, "ಒಂದು ಮ್ಯಾಪ್ ತಗೊಳ್ಲಾ ಅಮ್ಮ?" ಎಂದು ಕೇಳಿದಳು.

"ನನಗೆ ಮ್ಯಾಪಾ? ಸರಿಹೋಯ್ತು. ಯಾರಾದ್ರೂ ನೋಡಿದ್ರೆ ಬಾಯಲ್ಲಿ ನಗ್ತಾರಾ?"

ಹೊರಟರು. ಮೊದಲ ಅರ್ಧ ಗಂಟೆ ಆರ್ಡಿತ್‌ಳ ಬಾಯಿಗೆ ಬಿಡುವಿರಲಿಲ್ಲ. ಕರಡಿ ಓಡಲಿ ಎಂದು ಚೀಲಕ್ಕೆ ಗಂಟೆ ಕಟ್ಟಿಕೊಂಡ ಹೆಂಗಸೊಬ್ಬಳು ಟಿಣಿಟಿಣಿ ಎನ್ನುತ್ತಾ ಮುಂದೆ ಹೋದಳು. "ನೋಡೇ ಟೆಸ್, ಮೇಯಕ್ಕೆ ಬಿಟ್ಟಿದಾರೆ." ಸಪಾಟು ನೆಲದಲ್ಲಿ ಎರಡೂ ಕೈಗೆ ಕೋಲು ಹಿಡಿದು ಒಬ್ಬ ಬಂದ. "ಪಾಪ, ನಾಲ್ಕು ಕಾಲಿಂದ ಈಗ ತಾನೇ ಎದ್ದು ನಿಂತಿದಾನೆ." ಟೆಸ್ ಕಿಸಿಕಿಸಿ ನಕ್ಕಳು. ಮೂರನೆಯವನನ್ನು ಕಂಡಾಗ ಅವಳೇ ಮೂಗಿನ ತುದಿಗೆ ಬೆರಳಿಟ್ಟು ಇಲ್ಲದ ಕನ್ನಡಕದ ಮೇಲಿಂದ ನೋಡಿದಳು.

"ಭೇಷ್" ಎಂದಳು ಮಾರ್ನಿ. "ಹತ್ತೇ ನಿಮಿಷಕ್ಕೆ ಕಲಿಸ್ಬಿಟ್ಯಲ್ಲ."

ಆಮೇಲೆ ಏರು ಶುರುವಾಯಿತು. ಇಂಥ ಏರು ಇದೆ ಎಂದು ನಕ್ಷೆಯಲ್ಲಿ ಎಲ್ಲೂ ಇರಲಿಲ್ಲ. ಇದ್ದರೂ ಅದು ತೆಳುವಾದ ಕಂದು ಗೆರೆಗಳಲ್ಲಿತ್ತು, ಅವಳ ಹಳದಿ ಪೆನ್ನು ಅವುಗಳ ಮೇಲೆ ಸಲೀಸಾಗಿ ಜಾರಿ ಹೋಗಿತ್ತು. ಮಂಡಿ ಹಿಡಿದುಕೊಂಡು, ಮರ ಹಿಡಿದುಕೊಂಡು, ಬೇರು ಹಿಡಿದುಕೊಂಡು ಹತ್ತಿದಳು. ಟೆಸ್ ನಾಲ್ಕನೆಯ ಸಲ, "ಇನ್ನೆಷ್ಟು ಅಜ್ಜಿ?" ಎಂದಾಗ, "ಇನ್ನೇನು, ಬಂತು" ಎಂದಳು. ನಲವತ್ತು ನಿಮಿಷವಲ್ಲ, ಒಂದು ಗಂಟೆಗೆ ಕವಲು ಸಿಕ್ಕಿತು. ಅವಳ ಲೆಕ್ಕದಲ್ಲಿ ಅದು ಅರ್ಧ ದಾರಿ.

ಕವಲಿನಲ್ಲಿ ಮುರಿದ ಕೈಮರದ ಬುಡ ಮೊಣಕಾಲೆತ್ತರಕ್ಕೆ ಉಳಿದಿತ್ತು. ಎಡಕ್ಕೆ ಸಣ್ಣ ಕಾಲುದಾರಿ, ಬಲಕ್ಕೆ ಅಗಲವಾದ ಜಲ್ಲಿ ರಸ್ತೆ. ಆರ್ಡಿತ್ ನಿಂತಳು. ಬಲಗೈ ತನ್ನಷ್ಟಕ್ಕೆ ತಾನೇ ಎದ್ದು ಗಾಳಿಯಲ್ಲಿ ಗೆರೆ ಎಳೆಯಿತು: ಆಚೆಯಿಂದ ಹೊಟ್ಟೆಯ ಕಡೆಗೆ ನೆಟ್ಟಗೆ ಬಂದು, ಇಲ್ಲಿ ಹೀಗೆ, ಬಲಕ್ಕೆ. ಇಪ್ಪತ್ತೇಳು ಬೇಸಿಗೆ ದಿನಕ್ಕೆ ಐವತ್ತು ಸಲ ಬಲಕ್ಕೇ ತಿರುಗಿದ ಕೈ ಅದು. ಕೌಂಟರಿನ ಆಚೆ ನಿಂತವರಿಗೆ ಅದೇ ಎಡ ಎಂಬುದು ಅವಳಿಗೆ ಆ ಕ್ಷಣದಲ್ಲಿ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ.

"ಬಲಕ್ಕೆ" ಎಂದು ಮುಂದೆ ನಡೆದಳು.

ಇಪ್ಪತ್ತು ನಿಮಿಷ ನಡೆದ ಮೇಲೆ ಮರಗಳು ಮುಗಿದವು. ಎದುರಿಗೆ ತಂತಿಬೇಲಿ. ಬೇಲಿಯೊಳಗೆ ಅಳೆದು ಕೊರೆದಂತೆ ಚೌಕವಾದ ಒಂದು ಹೊಂಡ, ಪಾಚಿ ಬಣ್ಣದ ನೀರು, ಅದರ ಮೇಲೆ ಎರಡು ಬಾತುಕೋಳಿ. ನೀರು ಕನ್ನಡಿಯ ಹಾಗೆ ಅಲ್ಲಾಡದೆ ನಿಂತಿತ್ತು ಎಂಬುದೇನೋ ನಿಜ. ಬೇಲಿಗೆ ಕಟ್ಟಿದ ಬೋರ್ಡನ್ನು ಟೆಸ್ ಅಕ್ಷರ ಕೂಡಿಸಿ ಓದಿದಳು. "ಕೊ-ಳ-ಚೆ ನೀರು. ಪ್ರ-ವೇಶ ಇಲ್ಲ. ಅಜ್ಜಿ, ಇದೇನಾ ಲೂನ್ ಕೆರೆ? ಕಕ್ಕಸಿನ ವಾಸನೆ ಬರ್ತಿದೆ."

ಕೇಂದ್ರದ ಹದಿನಾಲ್ಕು ಕಕ್ಕಸುಗಳ ನೀರು ಪಂಪಿನಿಂದ ಮೇಲೇರಿ ಪೈಪಿನಲ್ಲಿ ಬಂದು ಸೇರುವ ಜಾಗ ಅದು.

"ಅಮ್ಮ" ಎಂದಳು ಮಾರ್ನಿ. "ದಾರಿ ತಪ್ಪಿದೀವಾ?"

ಆರ್ಡಿತ್‌ಳ ಕಿವಿ ಕೆಂಪಾಯಿತು. "ನಾವ್ಯಾಕೆ ತಪ್ತೀವಿ? ಒಂದು ಕೈಮರ ನೆಡೋ ಯೋಗ್ಯತೆ ಇಲ್ಲ ಈ ಜನಕ್ಕೆ! ಕವಲಲ್ಲಿ ಏನೂ ಬರೀದೆ ಬಿಟ್ರೆ ಮನುಷ್ಯರು ಏನಂತ ತಿಳ್ಕೋಬೇಕು?" ಎಂದು ಕೂಗಾಡಿದಳು. ಕೂಗಾಡುತ್ತಿರುವಾಗಲೇ ಆ ಮಾತುಗಳನ್ನು ಎಲ್ಲೋ ಓದಿದ್ದೇನೆ ಎನ್ನಿಸಿತು. ಓದಿದ್ದಳು, ವಾರಕ್ಕೆ ಮೂರು ಸಲ, ಬೇರೆ ಬೇರೆ ದನಿಯಲ್ಲಿ.

ವಾಪಸು ಕವಲಿಗೆ ಬರುವಾಗ ಟೆಸ್ ಕಾಲೆಳೆದುಕೊಂಡು ನಡೆಯುತ್ತಾ, "ಸ್ಪೋಕೇನ್ ಅಜ್ಜಿ ಈಜುಕೊಳ ಮನೆ ಹಿಂದೇನೇ ಇದೆ. ನಡೀಬೇಕಾಗಿಲ್ಲ" ಎಂದಳು, ಯಾರಿಗೂ ಅಲ್ಲದ ಹಾಗೆ. ಆರು ವಾರ ಕೈಬಿಟ್ಟು ಹೋಯಿತು ಎಂದುಕೊಂಡಳು ಆರ್ಡಿತ್.

ಕವಲಿನ ಬಂಡೆಯ ಮೇಲೆ ಟ್ಯಾಕೆಟ್ ಸಂಸಾರ ಕೂತು ತಿನ್ನುತ್ತಿತ್ತು. ಐಸ್ ಪೆಟ್ಟಿಗೆಯ ಒಂದು ಚಕ್ರ ಕಿತ್ತುಹೋಗಿತ್ತು, ಅದಕ್ಕೆ ಹಗ್ಗ ಕಟ್ಟಿ ಹೆಗಲಿಗೆ ಹಾಕಿಕೊಂಡಿದ್ದ ಗುರುತು ರಸ್‌ನ ಅಂಗಿಯ ಮೇಲಿತ್ತು. ಕಾಲಲ್ಲಿ ಅದೇ ಹವಾಯಿ ಚಪ್ಪಲಿ.

"ಅರೆ, ಕೌಂಟರ್ ಮೇಡಂ!" ಎಂದು ಎದ್ದು ನಿಂತ. "ಬೆಳಿಗ್ಗೆ ಏಳಕ್ಕೇ ಹೊರಟ್ವಿ ನೋಡಿ. ಎಂಥಾ ಕೆರೆ ಮೇಡಂ! ನೀವು ಹೇಳ್ದೇ ಇದ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ. ಆದ್ರೆ ನಲವತ್ತು ನಿಮಿಷ ಅಂದ್ರಿ, ನಮಗೆ ಎರಡು ಗಂಟೆ ಹಿಡೀತು. ನಾವು ಬಯಲುಸೀಮೆ ಜನ, ನಿಧಾನ." ಅಷ್ಟು ಹೇಳಿ ಪೆಟ್ಟಿಗೆ ತೆರೆದು ಟೆಸ್‌ಗೆ ತಣ್ಣನೆಯ ಸೋಡಾ ಕೊಟ್ಟ. ಅವಳು ಗಟಗಟ ಕುಡಿದಳು. ರಸ್ ಜಲ್ಲಿ ರಸ್ತೆ ನೋಡಿ, "ಆ ಕಡೆಯಿಂದ ಬಂದ್ರಾ? ಅಲ್ಲೂ ಏನಾದ್ರೂ ನೋಡೋ ಅಂಥದ್ದಿದೆಯಾ?" ಎಂದ.

"ಕಕ್ಕಸಿನ ಕೆರೆ" ಎಂದಳು ಟೆಸ್.

ರಸ್ ನಗಲಿಲ್ಲ. ಅವನಿಗೆ ವಿಷಯ ಅರ್ಥವಾಯಿತು. ಜೇಬಿನಿಂದ ನಕ್ಷೆ ತೆಗೆದು, "ನಮ್ಮದಾಯ್ತು, ಇದನ್ನ ನೀವು ಇಟ್ಕೊಳ್ಳಿ ಮೇಡಂ. ನೀವೇ ಗೆರೆ ಎಳ್ದಿದ್ದು" ಎಂದು ಕೊಟ್ಟ. ಆರ್ಡಿತ್ ತೆಗೆದುಕೊಂಡಳು. ಬಿಡಿಸಿದಳು. ಮರುಕ್ಷಣ ತಿರುಗಿಸಿ ತಲೆಕೆಳಗು ಹಿಡಿದುಕೊಂಡಳು. ಹಾಗೆ ಹಿಡಿದರೇ ಅವಳಿಗೆ ಅಕ್ಷರ ಹತ್ತುತ್ತಿದ್ದದ್ದು.

"ಅಜ್ಜಿ, ಯಾಕೆ ಉಲ್ಟಾ ಹಿಡ್ಕೊಂಡಿದೀಯ?" ಎಂದಳು ಟೆಸ್.

ಆರ್ಡಿತ್ ನಕ್ಷೆಯನ್ನು ನೋಡಿದಳು. ದಾರಿಯನ್ನು ನೋಡಿದಳು. ಮಾರ್ನಿ ತಾಯಿಯ ಮುಖವನ್ನು ನೋಡುತ್ತಿದ್ದಳು, ಒಂಬತ್ತು ಬೇಸಿಗೆ ಸ್ಟೂಲಿನ ಮೇಲಿಂದ ನೋಡಿದ ಮುಖ ಅದು.

"ನೀನು ಅಲ್ಲಿಗೆ ಹೋಗೇ ಇಲ್ಲ, ಅಲ್ವಾ?"

"ಇಲ್ಲ."

"ಒಂದ್ಸಲಾನೂ?"

"ಒಂದ್ಸಲಾನೂ ಇಲ್ಲ ಕಣೇ."

ಮಾರ್ನಿ ಬಂಡೆಯ ಮೇಲೆ ಕುಸಿದು ಕೂತಳು. ಸಿಟ್ಟು ಬರುತ್ತದೆ ಎಂದು ಆರ್ಡಿತ್ ಕಾದಳು. ಬರಲಿಲ್ಲ. "ನೀನು ರಜಾ ದಿನ ನನ್ನನ್ನ ಪಕ್ಕದ ಮನೇಲಿ ಬಿಟ್ಟು ಒಬ್ಳೇ ಹೋಗಿ ಬರ್ತೀಯ ಅಂದ್ಕೊಂಡಿದ್ದೆ ಅಮ್ಮ. ಅಷ್ಟು ಚೆನ್ನಾಗಿ ಹೇಳ್ತಿದ್ದೆ ಕೆರೆ ಬಗ್ಗೆ. ನನ್ನ ಕರ್ಕೊಂಡು ಹೋಗಕ್ಕೆ ಇಷ್ಟ ಇಲ್ಲ ಇವಳಿಗೆ ಅಂತಾನೇ ಇಷ್ಟು ವರ್ಷ..." ಎಂದು ಅಲ್ಲಿಗೇ ನಿಲ್ಲಿಸಿದಳು. ಕಣ್ಣು ತುಂಬಿತ್ತು. ಆರ್ಡಿತ್‌ಗೆ ನಾಚಿಕೆಯಾಯಿತು. ದಾರಿ ತಪ್ಪಿದ್ದಕ್ಕಲ್ಲ. ಬಟ್ಟೆ ಒಗೆದು, ಮಂಡಿ ಉಜ್ಜಿಕೊಂಡು ಕಳೆದ ರಜೆಗಳನ್ನು ಮಗಳು ತನ್ನ ಮೇಲಿನ ತಾತ್ಸಾರ ಎಂದು ತಿಳಿದಿದ್ದಳಲ್ಲ ಎಂದು. ಮೊದಲ ದಿನವೇ ಒಂದು ಮಾತು ನಿಜ ಹೇಳಿದ್ದರೆ ಮುಗಿಯುತ್ತಿತ್ತು.

ಹವಾಯಿ ಚಪ್ಪಲಿಯವನ ಕಡೆ ತಿರುಗಿ, "ಯಾವ ಕಡೆ ಹೋಗ್ಬೇಕಪ್ಪ?" ಎಂದು ಕೇಳಿದಳು. ಇಪ್ಪತ್ತೇಳು ವರ್ಷದಲ್ಲಿ ಅವಳು ಯಾರನ್ನೂ ಆ ಪ್ರಶ್ನೆ ಕೇಳಿರಲಿಲ್ಲ.

"ಎಡಕ್ಕೆ ಮೇಡಂ. ಇನ್ನೊಂದು ಗಂಟೆ. ಕೊನೇಲಿ ಸ್ವಲ್ಪ ಜಾರತ್ತೆ, ಕೂತ್ಕೊಂಡು ಇಳೀರಿ."

ಕೂತುಕೊಂಡೇ ಇಳಿದಳು. ಪ್ಯಾಂಟಿನ ಹಿಂಭಾಗವೆಲ್ಲ ಮಣ್ಣು. ಕೆರೆ ಇತ್ತು, ದೊಡ್ಡದಾಗಿಯೇ ಇತ್ತು. ಗಾಳಿ ಬೀಸಿ ನೀರು ತೆರೆತೆರೆಯಾಗಿತ್ತು. "ಕನ್ನಡಿ ಎಲ್ಲಜ್ಜಿ?" ಎಂದು ಟೆಸ್ ಹಲ್ಲಿಲ್ಲದ ಬಾಯಲ್ಲಿ ಅಣಕಿಸಿದಳು. ಕೆರೆಗೆ ಹೆಸರು ಕೊಟ್ಟ ಲೂನ್ ಹಕ್ಕಿ ಒಂದೂ ಇರಲಿಲ್ಲ. ಮೂವರೂ ನೀರಿಗೆ ಕಾಲು ಇಳಿಬಿಟ್ಟು, ಹಿಂಡಿಹೋದ ಸ್ಯಾಂಡ್‌ವಿಚ್ಚು ತಿಂದರು. ಮಾರ್ನಿ ಚಪ್ಪಟೆ ಕಲ್ಲು ಆರಿಸಿ ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯುವುದನ್ನು ಮಗಳಿಗೆ ತೋರಿಸಿದಳು. ಆರ್ಡಿತ್ ಎಸೆದದ್ದೆಲ್ಲ ಗುಳುಂ ಎಂದು ಮುಳುಗಿದವು. ಯಾರನ್ನೂ ಆಡಿಕೊಳ್ಳದೆ ಅವಳು ಅಷ್ಟು ಹೊತ್ತು ಕೂತದ್ದು ಅದೇ ಮೊದಲು.

ಸಂಜೆ ಐದಕ್ಕೆ ಕೇಂದ್ರಕ್ಕೆ ಮರಳಿದಾಗ ಟೆಸ್ ಚೀಟಿ ಬರೆಯಬೇಕೆಂದು ಹಠ ಹಿಡಿದಳು. ಪೆಟ್ಟಿಗೆಯ ಮೇಲೆ ಕಟ್ಟಿದ್ದ ಪೆನ್ಸಿಲಿನಿಂದ, ಅಜ್ಜಿ ನೋಡದ ಹಾಗೆ ಕೈ ಅಡ್ಡ ಇಟ್ಟುಕೊಂಡು, ಬಹಳ ಹೊತ್ತು ಬರೆದು ಒಳಗೆ ಹಾಕಿದಳು. "ಎಲ್ಲಿರ್ತೀಯ ಅಂತ ಅಜ್ಜಿಗೆ ಹೇಳೇ" ಎಂದಳು ಮಾರ್ನಿ. "ಬರ್ದಿದೀನಿ" ಎಂದಷ್ಟೇ ಹೇಳಿ ಟೆಸ್ ಕಾರು ಹತ್ತಿದಳು.

ಪೆಟ್ಟಿಗೆಯ ಬೀಗದ ಕೈ ಆರ್ಡಿತ್‌ಳ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಅವಳಿಗೆ ಹೆದರಿಕೆಯಾಯಿತು, ಬೇರೇನಲ್ಲ.

ಸೋಮವಾರ ಮಧ್ಯಾಹ್ನ ಊಟದ ಕೋಣೆಯಲ್ಲಿ ಮೈಕ್ರೋವೇವಿನಿಂದ ಯಾರದೋ ಹಳೆಯ ಸೂಪಿನ ವಾಸನೆ. ಕೋಲ್ಬಿ ಸ್ಯಾಂಡ್‌ವಿಚ್ಚಿನ ಪೊಟ್ಟಣ ಬಿಡಿಸುತ್ತಾ, "ಶುರು ಮಾಡಿ ಆರ್ಡಿತ್, ಹಸಿವಾಗ್ತಿದೆ" ಎಂದ. ಅವಳು ಬೀಗ ತೆಗೆದಳು. ಮೊದಲ ಎರಡು ಚೀಟಿಗಳನ್ನು ಸಪ್ಪೆಯಾಗಿ ಓದಿದಳು, ಯಾರೂ ನಗಲಿಲ್ಲ. ಮೂರನೆಯದು ಪೆನ್ಸಿಲಿನದು.

"ನನ್ನ ಅಜ್ಜಿ ಇಲ್ಲೇ ಕೆಲಸ ಮಾಡುತ್ತಾಳೆ. ಅವಳಿಗೆ ದಾರಿ ತಪ್ಪಿತು. ನಾವು ಕಕ್ಕಸಿನ ಕೆರೆ ನೋಡಿದೆವು. ಅವಳಿಗೆ ಮ್ಯಾಪ್ ಉಲ್ಟಾ ಕಾಣುತ್ತದೆ. ಪಾಪ.‌ ದಯವಿಟ್ಟು ಅವಳಿಗೋಸ್ಕರ ಒಂದು ಕೈಮರ ಹಾಕಿ."

ಕೋಣೆ ಬಿದ್ದುಹೋಗುವಂತೆ ನಕ್ಕರು. ಆರ್ಡಿತ್ ತಾನೇ ಕಟ್ಟಿ ಹೇಳುತ್ತಿದ್ದಾಳೆ ಎಂದುಕೊಂಡ ಕೋಲ್ಬಿ ಮೇಜು ಗುದ್ದಿ ಅವಳದೇ ದನಿಯಲ್ಲಿ ಕೂಗಿದ, "ಕೈಯಲ್ಲಿ ಮ್ಯಾಪು, ಮುಖದಲ್ಲಿ ಕಣ್ಣು..." ಉಳಿದಿಬ್ಬರೂ ಸೇರಿಸಿದರು, "ಇನ್ನೇನು ಬೇಕಂತೆ ಮಹಾರಾಣಿಗೆ?"

"ಬಾಯ್ಮುಚ್ಚಿ" ಎಂದಳು ಆರ್ಡಿತ್. "ಆ ಅಜ್ಜಿ ನಾನೇ."

ಕೋಲ್ಬಿಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಚೀಟಿಯ ಕೆಳಗೆ ಅಚ್ಚಾದ ಒಂದು ಪ್ರಶ್ನೆ ಎಂದಿನಂತೆ ಇತ್ತು: ಮತ್ತೆ ಬರುತ್ತೀರಾ? ಹೌದು ಎಂಬುದರ ಮುಂದೆ ದೊಡ್ಡದಾಗಿ ಗುರುತು ಹಾಕಿ, ಜಾಗ ಸಾಲದೆ ಅಂಚಿಗೆ ಸುತ್ತಿಕೊಂಡು ಬರೆದಿತ್ತು. ಅದನ್ನು ಆರ್ಡಿತ್ ಗಟ್ಟಿಯಾಗಿ ಓದಲಿಲ್ಲ. "ಆರು ವಾರ ಬರುತ್ತೇನೆ. ಆದರೆ ಅಜ್ಜಿಯೂ ಕಾಡಿಗೆ ಬಂದರೆ. ಸ್ಟೂಲ್ ಬೇಡ."

ಎರಡು ಸಲ ಓದಿಕೊಂಡಳು. ಚೀಟಿ ಮಡಚಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು. ಗೋಡೆಗೆ ನೇತುಹಾಕಿದ್ದ ರಜಾ ಅರ್ಜಿಗಳ ಕಟ್ಟಿನಿಂದ ಒಂದನ್ನು ಹರಿದು, ನಿಂತಲ್ಲೇ ತುಂಬಿ ಮೇಜಿನ ಮೇಲಿಟ್ಟಳು. ಇನ್ನೊಂದು ಹಾಳೆಯಲ್ಲಿ, ಲೂನ್ ಕೆರೆ ಕವಲಿಗೆ ಕೂಡಲೇ ಕೈಮರ ಬೇಕು ಎಂದು ಮೇಲಿನವರಿಗೆ ಬರೆದಳು.

ಕೋಲ್ಬಿ ಅರ್ಜಿಯನ್ನು ಎಳೆದುಕೊಂಡು ನೋಡಿದ. "ಜುಲೈನಲ್ಲಿ ಆರು ವಾರ! ಏನ್ ಮಾತಾಡ್ತಿದೀರಿ? ಆ ಜನಜಂಗುಳೀಲಿ ಕೌಂಟರಲ್ಲಿ ಯಾರು ನಿಲ್ತಾರೆ?"

"ಆ ಕೆರೆ ನೋಡಿ ಬಂದೋರು ಯಾರಾದ್ರೂ ನಿಲ್ಲಲಿ. ನೀನು ನೋಡಿದೀಯೇನೋ?"

ಕೋಲ್ಬಿ ಟಿಕೆಟ್ಟಿನ ಹೆಂಗಸರ ಕಡೆ ನೋಡಿದ. ಅವರು ತಮ್ಮ ಸೂಪಿನ ಕಡೆ ನೋಡಿದರು.

"ನೋಡಿಲ್ಲ" ಎಂದ. "ಆದ್ರೆ ದಾರಿ ಗೊತ್ತಲ್ಲ. ನಲವತ್ತು ನಿಮಿಷ. ನೀವೇ ಹೇಳ್ಕೊಟ್ಟಿದ್ದು."